ತಪ್ಪು ಯಾವ ಸಾಲಿನಲ್ಲಿ?

ರಷ್ಯನ್ ಭಾಷೆಯ ಅನೇಕ ಕಥೆಗಳೂ ಕಾದಂಬರಿಗಳೂ ಕನ್ನಡಕ್ಕೆ ಬಂದದ್ದು ಇಂಗ್ಲಿಷಿನ ಮೂಲಕ ಎಂಬುದು ನಮ್ಮ ಓದುಗರಿಗೆ ಗೊತ್ತಿರುವ ಸಂಗತಿ. ಅಂಥ ಒಂದು ಕಥೆಯನ್ನು ಓದುತ್ತಿರುವಾಗ ನಡುವೆ ಒಂದು ವಾಕ್ಯ ಅರ್ಥವಾಗದೆ ತೊಡಕಿಕೊಂಡಿತೆನ್ನಿ. ಆಗ ದೋಷವನ್ನು ಯಾರ ತಲೆಗೆ ಕಟ್ಟಬೇಕು? ಕನ್ನಡಿಸಿದವರು ಇಂಗ್ಲಿಷನ್ನು ತಪ್ಪಾಗಿ ತಿಳಿದರೋ, ಇಂಗ್ಲಿಷಿಗೆ ತಂದವರು ರಷ್ಯನ್ನನ್ನು ತಪ್ಪಾಗಿ ತಿಳಿದರೋ, ಅಥವಾ ಮೂಲ ಲೇಖಕನೇ ಹಾಗೆ ಬರೆದಿದ್ದನೋ? ಕೈಯಲ್ಲಿ ಕನ್ನಡದ ಪ್ರತಿಯೊಂದೇ ಇರುವವನು ಇದನ್ನು ತೀರ್ಮಾನಿಸಲಾರ. ನಡುವಿನ ಇಂಗ್ಲಿಷ್ ಪ್ರತಿಯನ್ನು ತರಿಸಿ ಪಕ್ಕದಲ್ಲಿಟ್ಟುಕೊಂಡಾಗ ಮಾತ್ರ ಅರ್ಧ ಸಂಶಯವಾದರೂ ಕಳೆದೀತು.

ಗಣಕಯಂತ್ರಕ್ಕೆ ಕೆಲಸವನ್ನು ಬರೆದು ಒಪ್ಪಿಸುವವರು, ಅಂದರೆ ಪ್ರೋಗ್ರಾಮು ಬರೆಯುವವರು, ದಿನಕ್ಕೆ ಹತ್ತು ಸಲ ಇದೇ ಇಕ್ಕಟ್ಟಿನಲ್ಲಿ ಸಿಲುಕುತ್ತಾರೆ. ಅವರು ಬರೆಯುವ ಭಾಷೆ ಯಂತ್ರದ ಭಾಷೆಯಲ್ಲ. ಯಂತ್ರಕ್ಕೆ ತಿಳಿಯುವುದು ಸೊನ್ನೆ ಮತ್ತು ಒಂದರ ಸಾಲುಗಳು ಮಾತ್ರ. ಮನುಷ್ಯ ಬರೆದದ್ದನ್ನು ಆ ಸಾಲುಗಳಿಗೆ ಇಳಿಸುವ ಭಾಷಾಂತರಕಾರನಿಗೆ ಕಂಪೈಲರ್ ಎಂದು ಹೆಸರು. ಈ ಕಂಪೈಲರನ್ನು ಕರೆಯುವ ರೀತಿಗಳು ಇಂದು ಹಲವಿವೆ. ಪರದೆಯ ಮೇಲೆ ಗುಂಡಿಯ ಚಿತ್ರವೊಂದನ್ನು ಒತ್ತಿದರೆ ಸಾಕು, ಎಲ್ಲವೂ ತೆರೆಯ ಮರೆಯಲ್ಲಿ ನಡೆದುಹೋಗುತ್ತದೆ. ಹಳೆಯ ರೀತಿಯೊಂದು ಇನ್ನೂ ಉಳಿದುಬಂದಿದೆ: ಬರಿಯ ಪರದೆಯ ಮೇಲೆ ಒಂದು ಸಾಲು ಆಜ್ಞೆಯನ್ನು ಬೆರಳಚ್ಚಿಸಿ ಒಪ್ಪಿಸುವುದು. ಇದಕ್ಕೆ ಕಮ್ಯಾಂಡ್ ಲೈನ್ ಎನ್ನುತ್ತಾರೆ. ಆಜ್ಞಾಸಾಲು ಎಂದು ನಾವು ಕರೆಯೋಣ. ಹೊಸದಾಗಿ ಕಲಿಯುವವರು ಇದನ್ನು ಕಂಡರೆ ಅಂಜುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅಂಜಬೇಕಾದದ್ದು ಗುಂಡಿಗೆ. ಆಜ್ಞಾಸಾಲು ನಡುವಿನ ಪ್ರತಿಯನ್ನು ತೋರಿಸಲು ಸಿದ್ಧವಾಗಿರುತ್ತದೆ. ಗುಂಡಿ ಅದನ್ನು ಮುಚ್ಚಿಡುತ್ತದೆ. ಈ ಮಾತನ್ನು ಸಿ ಎಂಬ ಭಾಷೆಯ ಉದಾಹರಣೆಯಿಂದ ವಿವರಿಸುತ್ತೇನೆ.

ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಮರ್ರೇ ಹಿಲ್ ಎಂಬಲ್ಲಿ ಬೆಲ್ ಪ್ರಯೋಗಾಲಯವಿತ್ತು. ಅಲ್ಲಿ 1970ರ ದಶಕದ ಮೊದಲ ವರ್ಷಗಳಲ್ಲಿ ಡೆನ್ನಿಸ್ ರಿಚ್ಚಿ ಎಂಬವರು ಸಿ ಭಾಷೆಯನ್ನು ರೂಪಿಸಿದರು. ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆ ಅದೇ ಕಾಲದಲ್ಲಿ ಅದೇ ಮನೆಯಲ್ಲಿ ಬೆಳೆಯಿತು. ಅವರ ಬಳಿ ಇದ್ದದ್ದು ಪಿಡಿಪಿ-11 ಎಂಬ ಗಣಕ. ಅದರ ವಿಳಾಸದ ಉದ್ದ 16 ಬಿಟ್ಟುಗಳು. ಆದಕಾರಣ ಅದು ಒಮ್ಮೆಗೆ ಗುರುತಿಸಬಲ್ಲ ಸ್ಮೃತಿ 64 ಕಿಲೋಬೈಟ್ ಮಾತ್ರ. ಇಂದು ನಮ್ಮ ಜೇಬಿನ ದೂರವಾಣಿಯಲ್ಲಿರುವ ಒಂದು ಛಾಯಾಚಿತ್ರ ಅಷ್ಟರಲ್ಲಿ ಹಿಡಿಸುವುದಿಲ್ಲ. ಇಡೀ ಭಾಷಾಂತರವನ್ನು ಒಬ್ಬನೇ ಒಂದೇ ಉಸಿರಿನಲ್ಲಿ ಮಾಡಿ ಮುಗಿಸಲು ಅಲ್ಲಿ ಸ್ಥಳವೇ ಇರಲಿಲ್ಲ. ಹೀಗಾಗಿ ಕೆಲಸವನ್ನು ಪಾಳಿಗಳಾಗಿ ವಿಂಗಡಿಸಿದರು. ಒಬ್ಬ ಓದಿ ಅರ್ಥಮಾಡಿಕೊಂಡು ತನ್ನ ಟಿಪ್ಪಣಿಯನ್ನು ಬರೆದಿಟ್ಟು ಹೋಗುತ್ತಾನೆ. ಮುಂದಿನವನು ಬಂದು ಆ ಟಿಪ್ಪಣಿಯಿಂದ ಯಂತ್ರಕ್ಕೆ ಸಮೀಪವಾದ ಭಾಷೆಯಲ್ಲಿ ಬರೆಯುತ್ತಾನೆ. ಇನ್ನೊಬ್ಬ ಅದನ್ನು ತಿದ್ದಿ ಚೊಕ್ಕಗೊಳಿಸುತ್ತಾನೆ. ಬಡತನದಿಂದ ಹುಟ್ಟಿದ ಈ ಏರ್ಪಾಡು ಸಿರಿತನದ ಕಾಲದಲ್ಲೂ ಉಳಿದುಕೊಂಡಿತು.

ಯುನಿಕ್ಸ್ ಯಂತ್ರದ ಮುಂದೆ ಕುಳಿತು 'ಸಿಸಿ' ಎಂದು ಬೆರಳಚ್ಚಿಸಿ, ಅದರ ಮುಂದೆ ತಾವು ಬರೆದ ಕಡತದ ಹೆಸರನ್ನು ಬರೆದರೆ ಭಾಷಾಂತರ ಆರಂಭವಾಗುತ್ತದೆ. ಸಿಸಿ ಎಂಬುದೇ ಕಂಪೈಲರ್ ಎಂದು ಬಹಳ ಮಂದಿ ನಂಬಿದ್ದಾರೆ. ವಾಸ್ತವವಾಗಿ ಅದು ಕಟ್ಟಡದ ಮೇಸ್ತ್ರಿಯ ಹಾಗೆ. ಮೇಸ್ತ್ರಿ ತಾನು ಇಟ್ಟಿಗೆ ಇಡುವುದಿಲ್ಲ, ಗಾರೆ ಕಲಸುವುದಿಲ್ಲ. ಯಾರನ್ನು ಯಾವಾಗ ಕರೆಯಬೇಕೆಂಬುದು ಅವನಿಗೆ ಗೊತ್ತು. ಸಿಸಿ ಕರೆಯುವ ಆಳುಗಳು ನಾಲ್ವರು. ಮೊದಲನೆಯವನು ಪ್ರೀಪ್ರೋಸೆಸರ್, ಪೂರ್ವಸಂಸ್ಕಾರಕ ಎನ್ನಬಹುದು. ಎರಡನೆಯವನು ನಿಜವಾದ ಕಂಪೈಲರ್. ಇವನು ಸಿ ಭಾಷೆಯನ್ನು ಅಸೆಂಬ್ಲಿ ಎಂಬ ಕೆಳಗಿನ ಭಾಷೆಗೆ ಇಳಿಸುತ್ತಾನೆ. ಮೂರನೆಯವನಾದ ಅಸೆಂಬ್ಲರ್ ಅದನ್ನು ಯಂತ್ರದ ಸಂಖ್ಯೆಗಳಾಗಿ ಬರೆಯುತ್ತಾನೆ. ಬೇರೆ ಬೇರೆ ತುಂಡುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಓಡಬಲ್ಲ ಒಂದೇ ವಸ್ತುವನ್ನಾಗಿ ಮಾಡುವವನು ನಾಲ್ಕನೆಯವನಾದ ಲಿಂಕರ್. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಲೋಕಕ್ಕೆ ಕೊಟ್ಟ ಜಿಸಿಸಿ ಎಂಬ ಕಂಪೈಲರ್ ಕೂಡ ಇದೇ ಮೇಸ್ತ್ರಿಯ ಪದ್ಧತಿಯನ್ನು ಅನುಸರಿಸಿತು. ಇಂದು ಲಿನಕ್ಸ್ ಯಂತ್ರಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವುದು ಅದೇ.

ಈ ನಾಲ್ವರಲ್ಲಿ ನನ್ನ ಕುತೂಹಲವೆಲ್ಲ ಮೊದಲನೆಯವನ ಮೇಲೆ. ಏಕೆಂದರೆ ಇವನು ಸಿ ಭಾಷೆಯನ್ನೇ ಅರಿಯದವನು! ಹಿಂದಿನ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುವ ಕೆಲಸಗಾರರಿದ್ದರು. ಅವರಲ್ಲಿ ಕೆಲವರು ಭಾಷೆ ತಿಳಿಯದಿದ್ದರೂ ಅಕ್ಷರದ ಆಕಾರ ನೋಡಿ ಪುಟಗಟ್ಟಲೆ ಜೋಡಿಸಬಲ್ಲವರಾಗಿದ್ದರು. ಪೂರ್ವಸಂಸ್ಕಾರಕ ಅಂಥವನು. ಅವನಿಗೆ ಹೇಳಿದ ಆಜ್ಞೆಗಳೆಲ್ಲ ಹ್ಯಾಷ್ ಗುರುತಿನಿಂದ ಆರಂಭವಾಗುವ ಸಾಲುಗಳಲ್ಲಿರುತ್ತವೆ. 'ಈ ಜಾಗದಲ್ಲಿ ಇಂಥ ಕಡತವನ್ನು ತಂದು ಸೇರಿಸು' ಎಂಬುದೊಂದು. 'ಈ ಹೆಸರು ಕಂಡಲ್ಲೆಲ್ಲ ಅದನ್ನು ತೆಗೆದು ಈ ಪಠ್ಯವನ್ನು ಇಡು' ಎಂಬುದು ಇನ್ನೊಂದು. ಇದಕ್ಕೆ ಮ್ಯಾಕ್ರೋ ಎನ್ನುತ್ತಾರೆ. 'ಇಂಥ ಹೆಸರು ಗೊತ್ತಿದ್ದರೆ ಈ ಭಾಗವನ್ನು ಇಟ್ಟುಕೋ, ಇಲ್ಲವಾದರೆ ಬಿಟ್ಟುಬಿಡು' ಎಂಬುದು ಮತ್ತೊಂದು. ಅವನ ವಿದ್ಯೆಯ ಬಹುಭಾಗ ಇಷ್ಟೇ.

ರಿಚ್ಚಿಯವರೇ ಮುಂದೆ ಬರೆದ ಸಿ ಭಾಷೆಯ ಇತಿಹಾಸದಲ್ಲಿ ಇವನ ಜನ್ಮವೃತ್ತಾಂತವಿದೆ. 1972-73ರ ಸುಮಾರಿಗೆ ಅಲನ್ ಸ್ನೈಡರ್ ಎಂಬವರ ಒತ್ತಾಯದಿಂದ ಇವನು ಭಾಷೆಯೊಳಕ್ಕೆ ಬಂದನಂತೆ. ಬಂದಾಗ ಕಡತ ಸೇರಿಸುವುದು ಮತ್ತು ಹೆಸರನ್ನು ಬದಲಿಸುವುದು, ಇವೆರಡೇ ಬರುತ್ತಿದ್ದವು. ಮೈಕ್ ಲೆಸ್ಕ್, ಅನಂತರ ಜಾನ್ ರೈಸರ್ ಅವರು ಉಳಿದ ವಿದ್ಯೆಗಳನ್ನು ಕಲಿಸಿದರು. ಆರಂಭದಲ್ಲಿ ಇವನಿಗೆ ಭಾಷೆಯಲ್ಲಿ ಪಕ್ಕಾ ಸ್ಥಾನವಿರಲಿಲ್ಲ. ಕಡತದ ತಲೆಯಲ್ಲಿ ಒಂದು ವಿಶೇಷ ಗುರುತು ಇದ್ದರೆ ಮಾತ್ರ ಕರೆಯುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಬಾಗಿಲಲ್ಲಿ ನಿಂತಿದ್ದವನು ಕ್ರಮೇಣ ಮನೆಯ ಯಜಮಾನನಷ್ಟೇ ಮುಖ್ಯನಾದ. ಇಂದು ಇವನ ನೆರವಿಲ್ಲದೆ ಸಿ ಭಾಷೆಯಲ್ಲಿ ಒಂದು ಪುಟ ಬರೆಯುವುದೂ ಕಷ್ಟ.

ಭಾಷೆ ಅರಿಯದವನ ಕೈಗೆ ಪಠ್ಯವನ್ನು ಕೊಟ್ಟರೆ ಏನಾಗುತ್ತದೆ? ಒಂದು ಸಣ್ಣ ಲೆಕ್ಕವನ್ನು ನೋಡಿ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಅದರ ವರ್ಗ ಬರುತ್ತದೆಯಷ್ಟೆ. 'ವರ್ಗ(ಕ) ಎಂದು ಕಂಡಲ್ಲಿ ಕ*ಕ ಎಂದು ಇಡು' ಎಂದು ನಾವು ಹೇಳಿದ್ದೇವೆಂದಿಟ್ಟುಕೊಳ್ಳಿ. ನಡುವಿನ ನಕ್ಷತ್ರ ಗುಣಾಕಾರದ ಗುರುತು. ವರ್ಗ(5) ಎಂದು ಬರೆದರೆ 5*5 ಆಗಿ 25 ಬರುತ್ತದೆ. ಸಂತೋಷ. ಈಗ ವರ್ಗ(2+3) ಎಂದು ಬರೆಯಿರಿ. ಮನಸ್ಸಿನಲ್ಲಿ ನಾವು ಎರಡು ಮತ್ತು ಮೂರನ್ನು ಮೊದಲೇ ಕೂಡಿಸಿಬಿಟ್ಟಿರುತ್ತೇವೆ. ಪೂರ್ವಸಂಸ್ಕಾರಕನಿಗೆ ಕೂಡುವುದು ಗೊತ್ತಿಲ್ಲ. ಅವನು ಅಕ್ಷರಕ್ಕೆ ಅಕ್ಷರ ಜೋಡಿಸಿ 2+3*2+3 ಎಂದು ಬರೆದಿಟ್ಟು ಹೋಗುತ್ತಾನೆ. ಮುಂದೆ ಬಂದ ಕಂಪೈಲರ್ ಶಾಲೆಯಲ್ಲಿ ಕಲಿಸಿದ ಕ್ರಮದಂತೆ ಗುಣಾಕಾರವನ್ನು ಮೊದಲು ಮಾಡುತ್ತಾನೆ. ಉತ್ತರ 11.

ಇಲ್ಲಿ ಯಾರೂ ತಪ್ಪು ಮಾಡಿಲ್ಲವೆಂಬುದನ್ನು ಗಮನಿಸಬೇಕು. ಮೊದಲನೆಯವನು ಹೇಳಿದಂತೆ ಮಾಡಿದ. ಎರಡನೆಯವನು ಕೊಟ್ಟದ್ದನ್ನು ಸರಿಯಾಗಿಯೇ ಓದಿದ. ಯಾರೂ ದೂರು ಹೇಳುವುದಿಲ್ಲ, ಪರದೆಯ ಮೇಲೆ ಒಂದು ಎಚ್ಚರಿಕೆಯ ಮಾತೂ ಬರುವುದಿಲ್ಲ. ಆದರೆ 25 ಬರಬೇಕಾದಲ್ಲಿ 11 ಬಂದಿದೆ. ಅದು ಸಂಬಳದ ಪಟ್ಟಿಯಲ್ಲಿಯೋ ಔಷಧದ ಪ್ರಮಾಣದಲ್ಲಿಯೋ ಸೇರಿಕೊಂಡರೆ ಹುಡುಕಿ ತೆಗೆಯುವ ಕಷ್ಟ ಸಾಮಾನ್ಯದ್ದಲ್ಲ. ಬಲ್ಲವರು (ಕ)*(ಕ) ಎಂದು ಆವರಣ ಹಾಕಿಸುತ್ತಾರೆ. ಅದೂ ಸಾಲದು. 100/ವರ್ಗ(5) ಎಂದು ಬರೆದರೆ 4 ಬರಬೇಕು. ಆವರಣಗಳ ನಡುವೆ ಅದು 100/(5)*(5) ಆಗಿ, ಎಡದಿಂದ ಬಲಕ್ಕೆ ಲೆಕ್ಕ ನಡೆದು, ನೂರಕ್ಕೆ ನೂರೇ ಉಳಿಯುತ್ತದೆ. ಆದ್ದರಿಂದ ಹೊರಗಿನಿಂದ ಇನ್ನೊಂದು ಆವರಣ ಬೇಕು. ಸಿ ಭಾಷೆಯ ಹಳೆಯ ಪ್ರೋಗ್ರಾಮುಗಳಲ್ಲಿ ಮ್ಯಾಕ್ರೋಗಳ ಸುತ್ತ ಆವರಣಗಳು ಮುಳ್ಳುಬೇಲಿಯಂತೆ ನಿಂತಿರುವುದು ಈ ಕಾರಣದಿಂದ.

ಬರೆದವನು ತನ್ನ ಕಡತವನ್ನು ಎಷ್ಟು ಸಲ ಓದಿದರೂ ಈ ತಪ್ಪು ಕಾಣುವುದಿಲ್ಲ. ಅಲ್ಲಿ ವರ್ಗ(2+3) ಎಂದು ಚೆನ್ನಾಗಿಯೇ ಬರೆದಿದೆ. ಓದಬೇಕಾದದ್ದು ನಡುವಿನ ಪ್ರತಿಯನ್ನು. ಆಜ್ಞಾಸಾಲಿನ ಉಪಕಾರ ಇರುವುದು ಇಲ್ಲಿಯೇ. ಸಿಸಿ ಎಂದು ಬರೆದು, ಒಂದು ಅಡ್ಡಗೀಟು ಎಳೆದು, ಅದಕ್ಕೆ ಹತ್ತಿದಂತೆ ಇಂಗ್ಲಿಷಿನ ದೊಡ್ಡ 'ಇ' ಅಕ್ಷರವನ್ನು ಬರೆದು, ಅನಂತರ ಕಡತದ ಹೆಸರನ್ನು ಕೊಡಿ. ಮೇಸ್ತ್ರಿ ಮೊದಲನೆಯ ಆಳಿನ ಕೆಲಸ ಮುಗಿದೊಡನೆ ಉಳಿದವರನ್ನು ಕರೆಯದೆ, ಅವನು ಸಿದ್ಧಪಡಿಸಿದ ಪಠ್ಯವನ್ನು ಪರದೆಯ ಮೇಲೆ ಸುರಿಯುತ್ತಾನೆ. ದೊಡ್ಡ ಅಕ್ಷರವೇ ಆಗಬೇಕು. ಸಣ್ಣ 'ಇ'ಗೆ ಬೇರೆಯ ಅರ್ಥವಿದೆ. ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದ ಲಿಪಿಯಲ್ಲಿ ಬೆಳೆದ ನಮಗೆ ಯುನಿಕ್ಸಿನ ಈ ಮಡಿ ಮೊದಮೊದಲು ಕಿರಿಕಿರಿಯೆನಿಸುತ್ತದೆ.

ಹೀಗೆ ಸುರಿದ ಪಠ್ಯವನ್ನು ಮೊದಲ ಸಲ ಕಂಡವರು ಬೆಚ್ಚುವುದು ಸಹಜ. ತಾವು ಬರೆದದ್ದು ಐದು ಸಾಲು. ಪರದೆಯ ಮೇಲೆ ಹರಿದುಹೋದದ್ದು ನೂರಾರು ಸಾಲು! ಪರದೆಯ ಮೇಲೆ ಅಕ್ಷರ ಮುದ್ರಿಸುವ ವಿದ್ಯೆ ಸಿ ಭಾಷೆಯೊಳಗೆ ಇಲ್ಲ. ಅದು ಗ್ರಂಥಾಲಯದ ಸೊತ್ತು. ಆ ವಿದ್ಯೆಯ ಹೆಸರುಗಳನ್ನು ಘೋಷಿಸುವ ಕಡತವೊಂದನ್ನು ತಂದು ಸೇರಿಸು ಎಂದು ಮೊದಲ ಸಾಲಿನಲ್ಲಿ ನಾವೇ ಹೇಳಿರುತ್ತೇವೆ. ಇಂಥವಕ್ಕೆ ಹೆಡರ್ ಕಡತಗಳೆಂದು ಹೆಸರು. ಆ ಕಡತ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಮದುವೆಗೆ ಒಬ್ಬರನ್ನು ಕರೆದರೆ ಅವರ ಬಂಧುಬಳಗವೆಲ್ಲ ಬಂದಂತೆ. ಒಬ್ಬರೇ ಎರಡು ದಾರಿಯಿಂದ ಎರಡು ಸಲ ಬರುವುದೂ ಉಂಟು; ಹಾಗಾದಾಗ ಗೊಂದಲವಾಗದಂತೆ, 'ನಾನು ಆಗಲೇ ಬಂದಿದ್ದರೆ ಈ ಸಲ ನನ್ನನ್ನು ಬಿಟ್ಟುಬಿಡಿ' ಎಂಬ ಅರ್ಥದ ಮೂರು ಸಾಲುಗಳನ್ನು ಪ್ರತಿ ಹೆಡರಿನ ತಲೆಗೂ ಬಾಲಕ್ಕೂ ಕಟ್ಟಿರುತ್ತಾರೆ. ಆ ಐದು ಸಾಲುಗಳು ಈ ಪ್ರವಾಹದ ಕಟ್ಟಕಡೆಯಲ್ಲಿ ಸಿಗುತ್ತವೆ; ವರ್ಗ(2+3) ಎಂದು ಬರೆದಿದ್ದ ಕಡೆ 2+3*2+3 ಎಂದು ಇದ್ದದ್ದು ಇದ್ದಂತೆ ಕಾಣುತ್ತದೆ. ಗಂಟೆಗಟ್ಟಲೆ ಹುಡುಕಬೇಕಾದದ್ದು ಒಂದು ನೋಟದಲ್ಲಿ ಮುಗಿಯಿತು.

ಆ ಪ್ರವಾಹದ ನಡುನಡುವೆ ವಿಚಿತ್ರವಾದ ಸಾಲುಗಳಿರುತ್ತವೆ: ಒಂದು ಹ್ಯಾಷ್ ಗುರುತು, ಒಂದು ಸಂಖ್ಯೆ, ಉದ್ಧರಣ ಚಿಹ್ನೆಯೊಳಗೆ ಒಂದು ಕಡತದ ಹೆಸರು. 'ಇಲ್ಲಿಂದ ಮುಂದಿನದು ಇಂಥ ಕಡತದ ಇಂತಿಷ್ಟನೆಯ ಸಾಲು' ಎಂದು ಪೂರ್ವಸಂಸ್ಕಾರಕ ಬರೆದಿಟ್ಟ ಅಡಿಟಿಪ್ಪಣಿಗಳಿವು. ನೋಡುವುದಕ್ಕೆ ಕಸದಂತಿದ್ದರೂ ಇಡೀ ವ್ಯವಸ್ಥೆಯ ಮರ್ಯಾದೆ ಉಳಿದಿರುವುದು ಇವುಗಳಿಂದ. ಕಂಪೈಲರ್ ಓದುತ್ತಿರುವುದು ಕಡತಗಳ ಗಡಿಯೇ ಇಲ್ಲದ ಒಂದು ಉದ್ದನೆಯ ಸುರುಳಿಯನ್ನು. ಎಂಟುನೂರನೆಯ ಸಾಲಿನಲ್ಲಿ ತಪ್ಪಿದೆಯೆಂದು ಅವನು ಕೂಗಿದರೆ, ಐದು ಸಾಲು ಬರೆದವನು ಏನು ಮಾಡಬೇಕು? ಆ ಟಿಪ್ಪಣಿಗಳನ್ನು ನೋಡಿಕೊಂಡು ಅವನು ಎಂಟುನೂರನ್ನು ಮರಳಿ ನಾಲ್ಕಕ್ಕೆ ಇಳಿಸಿ, 'ನಿಮ್ಮ ಕಡತದ ನಾಲ್ಕನೆಯ ಸಾಲು' ಎಂದು ಹೇಳುತ್ತಾನೆ.

ಅಷ್ಟಾದರೂ ಕೆಲವೊಮ್ಮೆ ಬೆರಳು ತಪ್ಪು ಜಾಗವನ್ನು ತೋರಿಸುತ್ತದೆ. ಹೆಡರ್ ಕಡತವೊಂದರ ಕೊನೆಯ ಘೋಷಣೆಯ ಮುಂದೆ ಅರ್ಧವಿರಾಮವನ್ನು ಯಾರೋ ಬಿಟ್ಟಿದ್ದಾರೆನ್ನಿ. ಸುರುಳಿಯಲ್ಲಿ ಅದರ ಹಿಂದೆಯೇ ನಿಮ್ಮ ಕಡತದ ಮೊದಲ ವಾಕ್ಯ ಬರುತ್ತದೆ. ವಿರಾಮವಿಲ್ಲದ್ದರಿಂದ ಕಂಪೈಲರ್ ಎರಡನ್ನೂ ಒಂದೇ ವಾಕ್ಯವೆಂದು ಓದುತ್ತಾ ಹೋಗಿ, ಅರ್ಥಗೆಟ್ಟಾಗ ನಿಂತು ದೂರುತ್ತಾನೆ. ಅಷ್ಟರಲ್ಲಿ ಅವನು ನಿಮ್ಮ ಅಂಗಳದಲ್ಲಿರುತ್ತಾನೆ. ದೂರು ನಿಮ್ಮ ನಿರ್ದೋಷಿ ಸಾಲಿನ ಮೇಲೆ ಬೀಳುತ್ತದೆ. ಇತ್ತೀಚಿನ ಕಂಪೈಲರುಗಳು ಕೆಲವು ಸಂದರ್ಭಗಳಲ್ಲಿ ಹಿಂದಿರುಗಿ ನೋಡುವ ಜಾಣತನವನ್ನು ಕಲಿತಿವೆ. ಎಲ್ಲ ಸಂದರ್ಭಗಳಲ್ಲಿ ಅಲ್ಲ.

ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ನಾಲ್ವರಲ್ಲಿ ಮಾತಾಡುತ್ತಿರುವವನು ಯಾರು ಎಂಬುದು. ಅಭ್ಯಾಸವಾದ ಮೇಲೆ ದನಿಯಿಂದಲೇ ಗುರುತಿಸಬಹುದು. ಇಂಥ ಕಡತ ಸಿಗಲಿಲ್ಲ ಎಂದು ಹೆಡರಿನ ಹೆಸರು ಹೇಳಿದರೆ ಅದು ಪೂರ್ವಸಂಸ್ಕಾರಕನ ದನಿ. ಯಾವ ಕೋಶದಲ್ಲಿ ಹುಡುಕಬೇಕೆಂಬುದನ್ನು ಅಡ್ಡಗೀಟು ಮತ್ತು ದೊಡ್ಡ 'ಐ' ಅಕ್ಷರದ ಮೂಲಕ ತಿಳಿಸಿದರೆ ಸುಮ್ಮನಾಗುತ್ತಾನೆ. ಇಲ್ಲಿ ಅರ್ಧವಿರಾಮ ಬೇಕಿತ್ತು, ಈ ಹೆಸರನ್ನು ಮೊದಲು ಘೋಷಿಸಿಲ್ಲ ಎಂಬಂಥವು ವ್ಯಾಕರಣದ ಮಾತುಗಳು, ಅವು ಕಂಪೈಲರಿನವು. ಅಸೆಂಬ್ಲರ್ ಮಿತಭಾಷಿ. ಎಲ್ಲರಿಗಿಂತ ಹೆಚ್ಚು ಕಂಗೆಡಿಸುವವನು ಲಿಂಕರ್.

ವರ್ಗಮೂಲ ಕಂಡುಹಿಡಿಯುವ ಪ್ರೋಗ್ರಾಮೊಂದನ್ನು ವಿದ್ಯಾರ್ಥಿ ಬರೆಯುತ್ತಾನೆ. ಗಣಿತದ ಹೆಡರನ್ನು ಸೇರಿಸಿದ್ದಾನೆ. ವ್ಯಾಕರಣದಲ್ಲಿ ದೋಷವಿಲ್ಲ. ಆದರೂ ಲಿನಕ್ಸ್ ಯಂತ್ರ ಆ ವರ್ಗಮೂಲದ ಹೆಸರು ಎಲ್ಲಿಯೂ ಸಿಗಲಿಲ್ಲವೆಂದು ಹಟ ಹಿಡಿಯುತ್ತದೆ. ಹೆಡರ್ ಸೇರಿಸಿದ್ದೇನಲ್ಲ ಎಂದು ಅವನು ಮೂರು ಸಲ ಅದನ್ನೇ ಅಳಿಸಿ ಬರೆಯುತ್ತಾನೆ. ಹೆಡರಿನಲ್ಲಿರುವುದು ಆಶ್ವಾಸನೆ ಮಾತ್ರ: ಇಂಥ ಹೆಸರಿನ ಕ್ರಿಯೆಯೊಂದು ಎಲ್ಲೋ ಇದೆ, ಅದಕ್ಕೆ ಇಂಥದನ್ನು ಕೊಟ್ಟರೆ ಇಂಥದು ಸಿಗುತ್ತದೆ, ಎಂದು. ಕಂಪೈಲರ್ ಆಶ್ವಾಸನೆಯನ್ನು ನಂಬಿ ಕೆಲಸ ಮುಗಿಸಿದ. ಅದನ್ನು ನೆರವೇರಿಸಬೇಕಾದ ನಿಜವಾದ ವಸ್ತು ಗಣಿತದ ಗ್ರಂಥಾಲಯದಲ್ಲಿದೆ. ಅಲ್ಲಿ ನೋಡು ಎಂದು ಲಿಂಕರನಿಗೆ ಬೇರೆಯಾಗಿ ಹೇಳಬೇಕು. ಆಜ್ಞಾಸಾಲಿನ ಕೊನೆಯಲ್ಲಿ ಅಡ್ಡಗೀಟು, ಸಣ್ಣ 'ಎಲ್', ಸಣ್ಣ 'ಎಂ' ಎಂದು ಬರೆದರೆ ಆಯಿತು. ಕೊನೆಯಲ್ಲಿಯೇ ಬರೆಯುವುದು ಕ್ಷೇಮ. ಲಿಂಕರ್ ಎಡದಿಂದ ಬಲಕ್ಕೆ ನಡೆಯುವವನು. ಏನು ಬೇಕಾಗಿದೆಯೆಂದು ತಿಳಿಯುವ ಮೊದಲೇ ಗ್ರಂಥಾಲಯ ಎದುರಾದರೆ, ಅದರಿಂದ ಏನನ್ನೂ ತೆಗೆದುಕೊಳ್ಳದೆ ಮುಂದೆ ಹೋಗಿಬಿಡಬಹುದು.

ಪೂರ್ವಸಂಸ್ಕಾರಕನ ಕೈಯಲ್ಲಿ ಒಂದು ಭಾಷೆಗೆ ಇನ್ನೊಂದರ ವೇಷ ಹಾಕಿಸಬಹುದೆಂಬುದನ್ನು ತೋರಿಸಿಕೊಟ್ಟವರು ಸ್ಟೀಫನ್ ಬೋರ್ನ್. ಅವರು ಕೇಂಬ್ರಿಜ್‌ನಲ್ಲಿ ಆಲ್ಗಾಲ್-68 ಎಂಬ ಭಾಷೆಯ ಕಂಪೈಲರಿನ ಮೇಲೆ ದುಡಿದು ಬೆಲ್ ಪ್ರಯೋಗಾಲಯಕ್ಕೆ ಬಂದವರು. 1979ರಲ್ಲಿ ಹೊರಬಂದ ಯುನಿಕ್ಸಿನ ಏಳನೆಯ ಆವೃತ್ತಿಯಲ್ಲಿ ಅವರು ಬರೆದ ಶೆಲ್ ಇತ್ತು. ಆಜ್ಞಾಸಾಲನ್ನು ಓದಿ ಅರ್ಥಮಾಡಿಕೊಳ್ಳುವ ಪ್ರೋಗ್ರಾಮಿಗೆ ಶೆಲ್ ಎನ್ನುತ್ತಾರೆ. ಅದನ್ನು ಅವರು ಸಿ ಭಾಷೆಯಲ್ಲಿಯೇ ಬರೆದರು. ಆದರೆ ತಮಗೆ ಪ್ರಿಯವಾದ ಆಲ್ಗಾಲಿನ ಪದಗಳಿಗೆಲ್ಲ ಮ್ಯಾಕ್ರೋ ಮಾಡಿಕೊಂಡು, ಪುಟಕ್ಕೆ ಪುಟವೇ ಆಲ್ಗಾಲಿನಂತೆ ಕಾಣುವ ಹಾಗೆ ಬರೆದರು. ಅವರಿಗೇನೋ ಅದು ಸಲೀಸಾಗಿತ್ತು. ಅದನ್ನು ಮುಂದೆ ತಿದ್ದಿ ನಡೆಸಬೇಕಾದವರಿಗೆ ಎರಡೂ ಭಾಷೆಗಳ ನಡುವೆ ತೂಗಾಡುವ ಪಾಡಾಯಿತು. ಕೊನೆಗೆ ಆ ವೇಷವನ್ನು ಕಳಚಿ ನೇರವಾದ ಸಿಯಲ್ಲಿ ಬರೆಯಬೇಕಾಯಿತು. ಬೇಕೆಂದೇ ಅರ್ಥವಾಗದಂತೆ ಸಿ ಬರೆಯುವ ಸ್ಪರ್ಧೆಯೊಂದು 1984ರಲ್ಲಿ ಆರಂಭವಾದದ್ದಕ್ಕೆ ಈ ಶೆಲ್ಲೂ ಒಂದು ಪ್ರೇರಣೆಯೆಂದು ಆ ಸ್ಪರ್ಧೆಯನ್ನು ನಡೆಸಿದವರೇ ಹೇಳಿದ್ದಾರೆ.

ನಮ್ಮ ಕನ್ನಡಕ್ಕೂ ಈ ವೇಷ ಹಾಕಬಹುದು. 2020ರಲ್ಲಿ ಬಂದ ಜಿಸಿಸಿಯ ಹತ್ತನೆಯ ಆವೃತ್ತಿಯಿಂದ ಕನ್ನಡ ಲಿಪಿಯ ಹೆಸರುಗಳನ್ನು ಸಿ ಪ್ರೋಗ್ರಾಮಿನಲ್ಲಿ ನೇರವಾಗಿ ಬರೆಯಲು ಸಾಧ್ಯವಾಗಿದೆ. 'ಒಂದುವೇಳೆ' ಎಂದಲ್ಲಿ 'ಇಫ್' ಎಂದೂ, 'ಇಲ್ಲವಾದರೆ' ಎಂದಲ್ಲಿ 'ಎಲ್ಸ್' ಎಂದೂ ಇಡಲು ಪೂರ್ವಸಂಸ್ಕಾರಕನಿಗೆ ಹೇಳಿದರೆ, ಹಳ್ಳಿಯ ಶಾಲೆಯ ಹುಡುಗನೂ ಓದಬಲ್ಲ ಪ್ರೋಗ್ರಾಮು ಸಿದ್ಧವಾಗುತ್ತದೆ. ಉತ್ಸಾಹ ಮೂಡುವುದು ಸಹಜ. ಆದರೆ ಆ ಹುಡುಗ ಎಲ್ಲೋ 'ಒಂದುವೇಳೆ'ಯನ್ನು ಮರೆತು 'ಇಲ್ಲವಾದರೆ' ಎಂದು ಮಾತ್ರ ಬರೆದನೆನ್ನಿ. ದೂರು ಬರುವುದು ಇಂಗ್ಲಿಷಿನಲ್ಲಿ. ಇಫ್ ಇಲ್ಲದೆ ಎಲ್ಸ್ ಬಂದಿದೆ, ಎಂದು. ಅವನು ಇಫ್ಫನ್ನೂ ಬರೆದಿಲ್ಲ, ಎಲ್ಸನ್ನೂ ಬರೆದಿಲ್ಲ! ಈಗಿನ ಜಿಸಿಸಿಯಲ್ಲಿ ಪೂರ್ವಸಂಸ್ಕಾರಕ ಪ್ರತ್ಯೇಕ ಆಳಾಗಿ ಉಳಿದಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಅವನನ್ನು ಕಂಪೈಲರಿನೊಳಗೆ ಸೇರಿಸಿಕೊಂಡರು. ಒಂದೇ ಮನೆಯಲ್ಲಿ ಇರುವುದರಿಂದ ಯಾವ ಪದ ಯಾವ ಮ್ಯಾಕ್ರೋವಿನಿಂದ ಬಂತೆಂಬ ನೆನಪು ಉಳಿಯುತ್ತದೆ. ದೂರಿನ ಕೆಳಗೆ 'ಇಲ್ಲವಾದರೆ ಎಂಬ ಮ್ಯಾಕ್ರೋವನ್ನು ಬಿಡಿಸಿದಾಗ' ಎಂಬ ಒಂದು ಟಿಪ್ಪಣಿಯೂ ಬರುತ್ತದೆ. ದೊಡ್ಡ 'ಇ' ಹಾಕಿ ತೆಗೆದ ನಡುವಿನ ಪ್ರತಿಯನ್ನು ಕಂಪೈಲರಿಗೆ ಮರಳಿ ಒಪ್ಪಿಸಿದರೆ ಆ ಟಿಪ್ಪಣಿ ಬರುವುದಿಲ್ಲ. ಸಾಲಿನ ಸಂಖ್ಯೆಯಷ್ಟೇ ಉಳಿದಿರುತ್ತದೆ. ಕನ್ನಡದಲ್ಲಿ ಪ್ರೋಗ್ರಾಮು ಬರೆಯಬೇಕೆನ್ನುವ ನಮ್ಮ ಮಿತ್ರರು ಪದಗಳ ಪಟ್ಟಿ ಮಾಡುವುದರಲ್ಲಿ ನಿಷ್ಣಾತರಿದ್ದಾರೆ. ಕನ್ನಡದಲ್ಲಿ ದೂರು ಹೇಳುವ ಕಂಪೈಲರ್ ಆಗುವವರೆಗೆ ಆ ಪಟ್ಟಿಯಿಂದ ಮಗುವಿಗೆ ಅರ್ಧ ಉಪಕಾರವಷ್ಟೇ.

ಈ ತೊಡಕು ಸಿ ಭಾಷೆಯೊಂದಕ್ಕೇ ಸೇರಿದ್ದಲ್ಲ. ಬೆಲ್ ಪ್ರಯೋಗಾಲಯದವರೇ ಆದ ಬ್ರಯನ್ ಕೆರ್ನಿಗನ್ 1975ರಲ್ಲಿ ರ‍್ಯಾಟ್‌ಫಾರ್ ಎಂಬ ಭಾಷೆಯ ವಿಷಯವಾಗಿ ಒಂದು ಪ್ರಬಂಧ ಪ್ರಕಟಿಸಿದರು. ಆ ಕಾಲದ ಫಾರ್ಟ್ರಾನ್ ಭಾಷೆಯಲ್ಲಿ 'ಇಂಥ ಸಂಖ್ಯೆಯ ಸಾಲಿಗೆ ಹೋಗು' ಎಂದು ಹಾರಿ ಹಾರಿ ಬರೆಯಬೇಕಾಗಿತ್ತು. ರ‍್ಯಾಟ್‌ಫಾರಿನಲ್ಲಿ ಸಿಯಂತೆಯೇ ಅಂದವಾಗಿ ಬರೆಯಬಹುದು. ಪೂರ್ವಸಂಸ್ಕಾರಕನೊಬ್ಬ ಅದನ್ನು 23000ದಿಂದ ಆರಂಭವಾಗುವ ಸಾಲುಸಂಖ್ಯೆಗಳನ್ನು ಹಚ್ಚಿ ಫಾರ್ಟ್ರಾನಿಗೆ ಇಳಿಸುತ್ತಾನೆ. ಅವನಿಗೆ ಫಾರ್ಟ್ರಾನ್ ವ್ಯಾಕರಣ ಹೆಚ್ಚು ತಿಳಿಯದು. ಆದ್ದರಿಂದ ಅನೇಕ ತಪ್ಪುಗಳು ಅವನ ಕಣ್ಣು ತಪ್ಪಿಸಿ ಫಾರ್ಟ್ರಾನ್ ಕಂಪೈಲರಿನ ಬಳಿ ಸಿಕ್ಕಿಬೀಳುತ್ತವೆ, ದೂರು ಯಾರೂ ಬರೆಯದ ಫಾರ್ಟ್ರಾನ್ ಸಾಲುಗಳ ಮೇಲೆ ಬರುತ್ತದೆ. ತಮ್ಮ ಕೃತಿಯ ಈ ಕೊರತೆಯನ್ನು ಕೆರ್ನಿಗನ್ ಆ ಪ್ರಬಂಧದಲ್ಲಿಯೇ ಒಪ್ಪಿಕೊಂಡಿದ್ದಾರೆ.

ಅದೇ ಪ್ರಯೋಗಾಲಯಕ್ಕೆ 1979ರಲ್ಲಿ ಡೆನ್ಮಾರ್ಕಿನಿಂದ ಕೇಂಬ್ರಿಜ್ ಮಾರ್ಗವಾಗಿ ಬಂದ ಬಿಯಾರ್ನೆ ಸ್ಟ್ರೌಸ್ಟ್ರುಪ್ ತಮ್ಮ ಹೊಸ ಭಾಷೆಯನ್ನು ಮೊದಲು ಇಂಥದೇ ಪೂರ್ವಸಂಸ್ಕಾರಕನ ಮೂಲಕ ಸಿಗೆ ಇಳಿಸಿದರು. ಮುಂದೆ ಅದು ಸಿ ಪ್ಲಸ್ ಪ್ಲಸ್ ಆಗಿ ಬೆಳೆದಾಗ ಸಿಫ್ರಂಟ್ ಎಂಬ ಸಾಧನವನ್ನು ರಚಿಸಿದರು. ಅದು 1985ರಲ್ಲಿ ಮಾರುಕಟ್ಟೆಗೆ ಬಂತು. ಅದೂ ಕೊಡುತ್ತಿದ್ದದ್ದು ಸಿ ಭಾಷೆಯ ಪಠ್ಯವನ್ನೇ. ಹಾಗಿದ್ದರೂ ಅದನ್ನು ಪೂರ್ವಸಂಸ್ಕಾರಕನೆಂದು ಯಾರಾದರೂ ಕರೆದರೆ ಸ್ಟ್ರೌಸ್ಟ್ರುಪ್ ಒಪ್ಪುತ್ತಿರಲಿಲ್ಲ. ಇದು ಬರಿಯ ಪ್ರತಿಷ್ಠೆಯ ಮಾತೆಂದು ನನಗೆ ಅನಿಸುವುದಿಲ್ಲ. ಸಿಫ್ರಂಟ್ ತನ್ನ ಕೈಗೆ ಬಂದ ಪಠ್ಯದ ವ್ಯಾಕರಣವನ್ನೂ ಅರ್ಥವನ್ನೂ ಸಂಪೂರ್ಣವಾಗಿ ಪರೀಕ್ಷಿಸಿ, ತಪ್ಪಿದ್ದರೆ ಬರೆದವನ ಭಾಷೆಯಲ್ಲಿಯೇ ತಿಳಿಸುತ್ತಿತ್ತು. ಕೆಳಗಿನ ಸಿ ಕಂಪೈಲರ್ ದೂರು ಹೇಳುವ ಪ್ರಸಂಗವೇ ಬರಬಾರದೆಂಬುದು ಅದರ ನಿಯಮ. ತನ್ನಲ್ಲಿಗೆ ಬಂದ ಭಾಷೆಯ ಹೊಣೆಯನ್ನು ಹೊರುವವನು ಕಂಪೈಲರ್, ಹೊಣೆಯನ್ನು ಮುಂದಿನವನಿಗೆ ದಾಟಿಸುವವನು ಪೂರ್ವಸಂಸ್ಕಾರಕ ಎಂಬ ಭೇದ ಇಲ್ಲಿ ಸ್ಪಷ್ಟವಾಗುತ್ತದೆ. ಆದರೂ ಲಿಂಕರ್ ಮಾತ್ರ ಹಳೆಯವನೇ. ಪೂರ್ಣಾಂಕವೊಂದನ್ನು ತೆಗೆದುಕೊಳ್ಳುವ 'ಎಫ್' ಎಂಬ ಕ್ರಿಯೆಯನ್ನು ಸಿಫ್ರಂಟ್ ಅವನಿಗೆ 'ಎಫ್, ಎರಡು ಅಡಿಗೀಟು, ಎಫ್, ಐ' ಎಂಬ ಗೂಢನಾಮದಿಂದ ಪರಿಚಯಿಸುತ್ತಿತ್ತು. ಆ ಹೆಸರು ಸಿಗಲಿಲ್ಲವೆಂದು ಅವನು ಕೂಗಿದರೆ ಬರೆದವನು ತಲೆ ಕೆರೆದುಕೊಳ್ಳಬೇಕಾಗಿತ್ತು. ಇಂಥ ಗೂಢನಾಮಗಳನ್ನು ಬಿಡಿಸಿ ಹೇಳುವುದಕ್ಕೆಂದೇ ಮುಂದೆ ಬೇರೊಂದು ಸಾಧನ ಬಂತು.

ಇಂದಿನ ಅಂತರ್ಜಾಲದ ಪುಟಗಳ ಹಿಂದೆ ಜಾವಾಸ್ಕ್ರಿಪ್ಟ್ ಎಂಬ ಭಾಷೆ ಇದೆ. ಅದಕ್ಕೆ ಇಳಿಯುವ ಹೊಸ ಭಾಷೆಗಳು ಹಲವು. 2009ರಲ್ಲಿ ಜೆರೆಮಿ ಅಶ್ಕೆನಸ್ ರಚಿಸಿದ ಕಾಫಿಸ್ಕ್ರಿಪ್ಟ್ ಅವುಗಳಲ್ಲೊಂದು. ಅಲ್ಲಿಯೂ ಇದೇ ಕಥೆ ಮರುಕಳಿಸಿತು. ಬರೆದದ್ದು ಒಂದು ಭಾಷೆ, ಓಡಿದ್ದು ಇನ್ನೊಂದು, ದೂರು ಓಡಿದ್ದರ ಮೇಲೆ. 2013ರಲ್ಲಿ ಅದರ ಕಂಪೈಲರಿಗೆ ಮೂಲನಕ್ಷೆ ಬರೆಯುವ ವಿದ್ಯೆ ಸೇರಿತು: ಹುಟ್ಟಿದ ಪಠ್ಯದ ಯಾವ ಪದ ಮೂಲದ ಯಾವ ಸಾಲಿನ ಯಾವ ಪದದಿಂದ ಬಂತೆಂಬ ಪಟ್ಟಿಯೊಂದನ್ನು ಜೊತೆಯಲ್ಲಿಯೇ ಕಳುಹಿಸುವುದು. ಸಿಯ ಪೂರ್ವಸಂಸ್ಕಾರಕ ಬಿಡುತ್ತಿದ್ದ ಹ್ಯಾಷ್ ಸಾಲುಗಳ ವಂಶದ್ದೇ ಇದು. ಸಾಲಿನ ಲೆಕ್ಕದಿಂದ ಪದದ ಲೆಕ್ಕಕ್ಕೆ ಬಂದಿದೆ, ಅಷ್ಟೆ.

ಆಜ್ಞಾಸಾಲಿನ ಮುಂದೆ ಕುಳಿತುಕೊಳ್ಳಬೇಕೆನ್ನುವವರಿಗೆ ಇನ್ನೆರಡು ಮಾತು. ಅಡ್ಡಗೀಟಿನೊಡನೆ ಸಣ್ಣ 'ಓ' ಅಕ್ಷರ ಬರೆದು, ಹುಟ್ಟುವ ಪ್ರೋಗ್ರಾಮಿಗೆ ಹೆಸರನ್ನು ಕೊಡಬಹುದು. ಕೊಡದಿದ್ದರೆ ಅದಕ್ಕೆ 'ಎ ಡಾಟ್ ಔಟ್' ಎಂಬ ಹೆಸರು ಬರುತ್ತದೆ. ಅಸೆಂಬ್ಲರಿನ ಉತ್ಪನ್ನ ಎಂಬುದರ ಸಂಕ್ಷೇಪ ಅದು. ಈಗ ಕೊನೆಯ ಕೈ ಅಸೆಂಬ್ಲರಿನದಲ್ಲ, ಲಿಂಕರನದು. ಹೆಸರು ಮಾತ್ರ ಐವತ್ತು ವರ್ಷಗಳಿಂದ ಹಾಗೆಯೇ ಉಳಿದಿದೆ. ಈ 'ಓ' ಅಕ್ಷರದ ಮುಂದೆ ಬರೆದ ಹೆಸರಿನ ಕಡತ ಮೊದಲೇ ಇದ್ದರೆ, ಕೇಳದೆ ಕೇಳಿಸದೆ ಅದರ ಮೇಲೆಯೇ ಬರೆದುಬಿಡುತ್ತದೆ. ಅವಸರದಲ್ಲಿ ಅಲ್ಲಿ ತಮ್ಮ ಮೂಲ ಕಡತವೊಂದರ ಹೆಸರನ್ನು ಬರೆದವರ ಒಂದು ವಾರದ ಶ್ರಮ ಕ್ಷಣದಲ್ಲಿ ಮಾಯವಾಗಬಹುದು.

ಎರಡನೆಯದು, ಅಡ್ಡಗೀಟು, ಅನಂತರ 'ಸೇವ್', ಇನ್ನೊಂದು ಅಡ್ಡಗೀಟು, 'ಟೆಂಪ್ಸ್' ಎಂಬ ಆಜ್ಞೆ. ಜಿಸಿಸಿಗೆ ಇದನ್ನು ಸೇರಿಸಿ ಹೇಳಿದರೆ ಮೇಸ್ತ್ರಿ ಸಾಮಾನ್ಯವಾಗಿ ಅಳಿಸಿಹಾಕುವ ನಡುವಿನ ಪ್ರತಿಗಳನ್ನೆಲ್ಲ ಉಳಿಸಿ ಕೊಡುತ್ತಾನೆ. ಪೂರ್ವಸಂಸ್ಕಾರವಾದ ಪಠ್ಯ 'ಐ' ಎಂಬ ಬಾಲದ ಕಡತದಲ್ಲಿರುತ್ತದೆ, ಅಸೆಂಬ್ಲಿಯದು 'ಎಸ್' ಎಂಬ ಬಾಲದ್ದರಲ್ಲಿ, ಯಂತ್ರಭಾಷೆಯ ತುಂಡು 'ಓ' ಎಂಬ ಬಾಲದ್ದರಲ್ಲಿ. ಮೊದಲನೆಯದನ್ನು ತೆರೆದು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಾ ಬಂದರೆ, ನೀವು ಬರೆದ ಸಾಲುಗಳು ಬೇಗ ಸಿಗುತ್ತವೆ.